ಬಾನೆಟ್ಟಿನ ಮೊದಲ ಪೆಟ್ಟು

ಘನವಂತರಾದ ವಾಚಕ ಮಹಾಶಯರೇ, ಎಂಟು ಮಿಲಿಮೀಟರಿನ ಒಂದು ತೂತನ್ನು ಕುರಿತು ಹೇಳಲು ತಮ್ಮ ಅಮೂಲ್ಯ ಸಮಯವನ್ನು ಬೇಡುವುದು ಉದ್ಧಟತನವೆಂದು ತೋರಬಹುದು. ಆದರೆ ಒಬ್ಬ ಮನುಷ್ಯನು ಆಸೆಪಟ್ಟು ಕೊಂಡ ಮಂಚವು ಆ ತೂತಿನ ದೆಸೆಯಿಂದಲೇ ಕೈತಪ್ಪಿತಾದ್ದರಿಂದ, ಕೊನೆಯವರೆಗೆ ಲಾಲಿಸಬೇಕೆಂದು ಪ್ರಾರ್ಥನೆ.

ಶಿವಯೋಗೀಶನು ತನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಸಲ ಮಂಚ ಕೊಂಡಿದ್ದ. ರಾಜಕೋಟ, ಕೊಯಮತ್ತೂರು, ಪಿಂಪ್ರಿ ಎಂದು ಹೋದಲ್ಲೆಲ್ಲ ಚಾಪೆಯ ಮೇಲೆ ಮಲಗಿ, ವರ್ಷ ತುಂಬುವ ಮೊದಲೇ ಚೀಲವನ್ನು ಹೆಗಲಿಗೇರಿಸುತ್ತಿದ್ದವನು. ಹುಬ್ಬಳ್ಳಿ ಬಳಿಯ ಬೈರಿದೇವರಕೊಪ್ಪದ ವೆಂಕಣ್ಣನವರ ವರ್ಕ್‌ಶಾಪಿಗೆ ಬಂದ ಮೇಲೆ ಕಾಲು ನಿಂತಿತ್ತು. ಉಕ್ಕು, ಹಿತ್ತಾಳೆಗಳನ್ನಷ್ಟೇ ಕೊರೆದು ಗೊತ್ತಿದ್ದ ಆ ಶೆಡ್ಡಿನಲ್ಲಿ ಕಾರ್ಬನ್ ಫೈಬರಿನ ಕೆಲಸ ಬಲ್ಲವನು ಅವನೊಬ್ಬನೇ. ಹಿಂದುಗಡೆಯ ಖೋಲಿಯನ್ನು ವೆಂಕಣ್ಣ ಅವನಿಗೆ ಬಿಟ್ಟುಕೊಟ್ಟಿದ್ದರು. ಮಂಚ ಬಂದದ್ದು ಆ ಖೋಲಿಗೆ.

ಮಾಳಮಡ್ಡಿಯ ಮಾನಸಿ ತನ್ನ ರ‍್ಯಾಲಿ ಕಾರಿನ ಬಾನೆಟ್ಟನ್ನು ತಂದಿಳಿಸಿದ ದಿನ ಶೆಡ್ಡಿನಲ್ಲಿ ಹಬ್ಬದ ಕಳೆಯಿತ್ತು. ಕೂದಲೆಳೆಯಂಥ ಕರಿಯ ಎಳೆಗಳನ್ನು ಹೆಣೆದು, ಪದರದ ಮೇಲೆ ಪದರವಾಗಿ ಅಂಟಿಸಿ ಮಾಡಿದ ಬಾನೆಟ್ಟು ಅದು. ಒಬ್ಬನೇ ಒಂದು ಕೈಯಲ್ಲಿ ಎತ್ತುವಷ್ಟು ಹಗುರ. ನಾಲ್ಕು ಮೂಲೆಗಳಲ್ಲಿ ನಾಲ್ಕು ತೂತು ಬೇಕು, ಅವುಗಳಲ್ಲಿ ಕೂಡುವ ಪಿನ್ನುಗಳೇ ಬಾನೆಟ್ಟನ್ನು ಹಿಡಿದಿಡಬೇಕು. ಒಂದು ತೂತು ಹರಿದರೂ ಸಾಕು, ಓಟದ ವೇಗಕ್ಕೆ ಬಾನೆಟ್ಟು ಮೇಲೆದ್ದು ಅವಳ ಕಣ್ಣೆದುರಿನ ಗಾಜಿಗೆ ಅಪ್ಪಳಿಸುತ್ತದೆ. ಓಟವಿದ್ದದ್ದು ಭಾನುವಾರ.

ಆ ಶೆಡ್ಡಿಗೆ ಒಂದು ಪದ್ಧತಿಯಿತ್ತು. ಹೊಸ ಬಗೆಯ ಕೆಲಸ ಬಂದಾಗ ಯಂತ್ರಕ್ಕೆ ಕುಂಕುಮ ಹಚ್ಚಿ, ಎಲ್ಲರಿಗಿಂತ ಹಿರಿಯ ಕೆಲಸಗಾರನು ತೂತಿನ ಗುರುತಿನ ಮೇಲೆ ಪಂಚು ಎಂಬ ಚೂಪು ಮೊನೆಯ ಉಕ್ಕಿನ ಕಡ್ಡಿಯನ್ನಿಟ್ಟು ಸುತ್ತಿಗೆಯಿಂದ ಮೊದಲ ಪೆಟ್ಟು ಹೊಡೆಯಬೇಕು. ಉಕ್ಕಿಗೆ ಅದು ಸರಿಯೇ. ಪಂಚಿನ ಚುಕ್ಕೆಯಿಲ್ಲದಿದ್ದರೆ ಡ್ರಿಲ್ಲು ಜಾರುತ್ತದೆ. ಕಾರ್ಬನ್ನಿಗೆ ಮಾತ್ರ ಪಂಚು ತಾಗಿಸಲೇಬಾರದು, ಒಳಗಿನ ಎಳೆ ಮುರಿಯುತ್ತದೆ, ಪದರ ಬಿಡುತ್ತದೆ. ಇದು ಆ ಶೆಡ್ಡಿನಲ್ಲಿ ಗೊತ್ತಿದ್ದದ್ದು ಶಿವಯೋಗೀಶನೊಬ್ಬನಿಗೇ.

"ಇನ್ನ ಮುಂದ ಈ ಶೆಡ್ಡಿಗೆ ಹಿರೇ ಮಿಸ್ತ್ರಿ ಇವರ," ಎಂದು ವೆಂಕಣ್ಣ ಪಂಚು, ಸುತ್ತಿಗೆಗಳನ್ನು ತಟ್ಟೆಯಲ್ಲಿಟ್ಟು ಮುಂದೆ ಹಿಡಿದರು. "ಹೊಡೀರಿ ಶಿವಯೋಗಿ, ನಿಮ್ಮ ಕೈಗುಣ ಛಲೋ ಅದ."

"ಏನ್ರಿ ಮಿಸ್ತ್ರಿ, ಮದುವಿಮಗನಂಗ ನಾಚತೀರಿ!" ಎಂದಳು ಗುಲ್ಜಾರಬಿ. ಕೊರೆಯುವಾಗ ಧೂಳು ಹೀರುವ ಪೈಪನ್ನು ಹಿಡಿಯುವವಳು ಅವಳು. ಎಲ್ಲರೂ ನಕ್ಕರು.

ಬೇಡವೆನ್ನಲು ಅವನು ಬಾಯಿ ತೆರೆದ. ಇಷ್ಟು ಊರುಗಳಲ್ಲಿ ಯಾರೂ ಅವನನ್ನು ಹಿರಿಯನೆಂದು ಕರೆದಿರಲಿಲ್ಲ. ಬಾಯಿ ತಾನಾಗಿ ಮುಚ್ಚಿಕೊಂಡಿತು. ಮೆಲ್ಲಗೆ, ಹೂವಿನ ಮೇಲೆಂಬಂತೆ, ಒಂದು ಪೆಟ್ಟು ಹೊಡೆದ.

ಆಮೇಲಿನದೆಲ್ಲ ಕಟ್ಟುನಿಟ್ಟು. ಎರಡೂ ಬದಿಗೆ ಟೇಪು ಅಂಟಿಸಿದ. ಡ್ರಿಲ್ಲಿನ ಮೊನೆ ಹೊರಬೀಳುವ ಕಡೆ ಪದರ ಕಿತ್ತುಬರದಂತೆ ಹಿಂದೆ ಹಲಗೆಯನ್ನು ಬಿಗಿದ. ಡ್ರಿಲ್ಲಿಗೆ ಹೊಸ ಬಿಟ್ಟು ಹಾಕಿ, ಮೊದಲು ಸಣ್ಣ ತೂತು ಕೊರೆದು ಆಮೇಲೆ ಹಿಗ್ಗಿಸಿದ. ಯಂತ್ರ ಜೋರಾಗಿ ತಿರುಗುತ್ತಿತ್ತು, ಕೈ ಮಾತ್ರ ಒತ್ತುತ್ತಿರಲಿಲ್ಲ. ಟೇಪು ಕಿತ್ತಾಗ ನಾಲ್ಕೂ ತೂತುಗಳ ಅಂಚು ಕನ್ನಡಿಯಂತಿತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅವನು ಜೇಬಿನಿಂದ ಒಂದು ನಾಣ್ಯ ತೆಗೆದು ತೂತುಗಳ ಸುತ್ತ ಬಡಿಯುತ್ತ ಹೋದ. ಮೂರು ಕಡೆ ಟಣ್ ಟಣ್ ಎಂದಿತು. ಪಂಚು ಬಿದ್ದ ಕಡೆ ಒದ್ದೆ ಮಣ್ಣನ್ನು ಬಡಿದಂತೆ ದಬ್ ಎಂದಿತು. ಪದರ ಬಿಟ್ಟಿತ್ತು. ಎದ್ದು ವೆಂಕಣ್ಣನವರನ್ನು ಕರೆತಂದು ಬಡಿದು ತೋರಿಸಿದ.

"ನನಗೇನೂ ಫರಕ ಕೇಳಸಲಿಲ್ಲಪ್ಪ."

"ಕೇಳಸತೈತ್ರಿ. ಮತ್ತೊಮ್ಮೆ ಕೇಳ್ರಿ."

ವೆಂಕಣ್ಣ ಕೇಳಿದರು; ಈ ಸಲ ಮುಖ ತಿರುಗಿಸಿಕೊಂಡರು. "ಅದರ ಮ್ಯಾಲೆ ವಾಶರ್ ಕೂಡತದ. ಯಾರ ಬಡದು ನೋಡತಾರ? ಪೂಜಾ ಮಾಡಿದ ಕೆಲಸಕ್ಕ ಹೆಸರ ಇಡಬ್ಯಾಡ್ರಿ."

ಶಿವಯೋಗೀಶನು ಖೋಲಿಗೆ ಹೋಗಿ ಮಂಚದ ಮೇಲೆ ಕೂತ. ಸುಮ್ಮನಿದ್ದರೆ ಮಂಚ ಉಳಿಯುತ್ತದೆ, ಹಿರೇ ಮಿಸ್ತ್ರಿ ಎಂಬ ಹೆಸರೂ ಉಳಿಯುತ್ತದೆ. ವಾಶರಿನ ಕೆಳಗೆ ಆ ದಬ್ ಎಂಬ ಸದ್ದು ಮುಚ್ಚಿಹೋಗುತ್ತದೆ. ಆದರೆ ಕಣ್ಣು ಮುಚ್ಚಿದರೆ ಸಾಕು, ಬಾನೆಟ್ಟು ಮೇಲೇಳುತ್ತಿತ್ತು.

ಸಂಜೆ ನಾಲ್ಕಕ್ಕೆ ಮಾನಸಿ ಬಂದಳು. "ವೆಂಕಣ್ಣ ಕಾಕಾ, ಲಗೂ ಕೊಡ್ರಿ, ಟೆಂಪೋ ನಿಂತದ," ಎನ್ನುತ್ತ ಒಳಗೆ ಹೆಜ್ಜೆಯಿಟ್ಟವಳ ಕೈಗೆ ಶಿವಯೋಗೀಶನು ನಾಣ್ಯ ಕೊಟ್ಟ.

"ಇಲ್ಲಿ ಬಡೀರಿ ಅಕ್ಕಾರ. ಈಗ ಇಲ್ಲಿ."

ಅವಳು ಬಡಿದಳು. ಇನ್ನೊಮ್ಮೆ ಬಡಿದಳು. ಮುಖ ಬಿಳಿಚಿಕೊಂಡಿತು.

"ಇದನ್ನ ಹಾಕ್ಕೊಂಡು ಓಡಸಬ್ಯಾಡ್ರಿ. ಪಂಚು ಹೊಡದಾಂವ ನಾನ. ಹೊಡೀಬಾರದು ಅಂತ ಗೊತ್ತಿದ್ದೂ ಹೊಡದೆ."

"ರಿಪೇರಿ?"

"ಮಾಡಬಹುದ್ರಿ. ಭಾನುವಾರಕ್ಕ ಗಟ್ಟಿ ಆಗತೈತಿ ಅಂತ ನಾನು ಮಾತು ಕೊಡೂದಿಲ್ಲ."

"ಗೊತ್ತಿದ್ದೂ ಅಂದ್ರ ಏನರ್ಥರಿ?" ಅವಳು ನಾಣ್ಯವನ್ನು ಅವನ ಕೈಗೆ ತಿರುಗಿ ತುರುಕಿದಳು. "ಒಂದು ವರ್ಷ ಇದಕ್ಕ ಕಾದೇನಿ ನಾನು!" ಬಾನೆಟ್ಟನ್ನು ತಾನೇ ಎತ್ತಿಕೊಂಡು ಹೊರಟಳು. ಕೃತಜ್ಞತೆಯ ಒಂದು ನೋಟವೂ ಅವಳ ಕಣ್ಣಿನಲ್ಲಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಟೆಂಪೋದ ಸದ್ದು ದೂರವಾದ ಮೇಲೆ ವೆಂಕಣ್ಣ ಕನ್ನಡಕ ಒರೆಸಿಕೊಂಡು ಅವನ ಕಡೆ ತಿರುಗಿದರು.

"ಪೂಜಾದ ಮುಂದ ಬ್ಯಾಡ ಅಂತ ಒಂದು ಮಾತು ಅನ್ನಬೇಕಿತ್ತಲ್ರಿ? ನಾ ಏನು ನಿಮ್ಮನ್ನ ನುಂಗತಿದ್ದೆನೇನು?"

ಬೈಗುಳಕ್ಕೆ ಅವನು ಸಿದ್ಧನಿದ್ದ. ಈ ಪ್ರಶ್ನೆಗೆ ಸಿದ್ಧನಿರಲಿಲ್ಲ.

"ಕಾರ್ಬನ್ ಕೆಲಸ ಇನ್ನ ಸಾಕು," ಎಂದರು ವೆಂಕಣ್ಣ, ನೆಲ ನೋಡುತ್ತ. "ಹಿಂದಿನ ಖೋಲಿನೂ ಬೇಕಾಗತದ. ಸಾಮಾನು ಇಡೋದದ. ನೋಡ್ರಿ, ನಿಮಗ ಅನುಕೂಲ ಆದಾಗ."

ಹೊರಗೆ ಹೋಗು ಎಂಬುದನ್ನು ಇದಕ್ಕಿಂತ ಮೃದುವಾಗಿ ಹೇಳಲಾಗದು. ಶಿವಯೋಗೀಶನು ಆಗಲೇ ಅನುಕೂಲ ಮಾಡಿಕೊಂಡ. ಎರಡು ಅಂಗಿ, ಒಂದು ಚಾದರ ಮಡಚಿದ. ಡ್ರಿಲ್ ಬಿಟ್ಟುಗಳನ್ನು ಒಂದೊಂದಾಗಿ ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ. ಸ್ವಂತದ ಪಂಚನ್ನು ಕೈಯಲ್ಲಿ ಹಿಡಿದು ನೋಡಿ, ಅದನ್ನೂ ಚೀಲಕ್ಕೆ ಹಾಕಿದ. ಉಕ್ಕಿನ ಕೆಲಸ ಸಿಕ್ಕರೆ ಅದು ಬೇಕಾಗುತ್ತದೆ.

ಗುಲ್ಜಾರಬಿ ಬಾಗಿಲಲ್ಲಿ ನಿಂತಿದ್ದಳು. "ಮಂಚ?"

"ನೀ ಒಯ್ಯಕ್ಕ. ಒಂದು ಕಾಲು ಗಿಡ್ಡ ಐತಿ, ಕೆಳಗ ಹಲಗಿ ತುಂಡು ಇಡು."

"ಎಲ್ಲಿಗ್ರಿ ಈಗ?"

ಅವನು ಚೀಲವನ್ನು ಹೆಗಲಿಗೇರಿಸಿ, ರಸ್ತೆ ದಾಟಿ, ಹುಬ್ಬಳ್ಳಿಯ ರೈಲು ನಿಲ್ದಾಣದ ಕಡೆ ಹೊರಟಿದ್ದ ‘ಚಿಗರಿ’ ಸಿಟಿ ಬಸ್ಸನ್ನು ಹತ್ತಿದ. ಸೀಟುಗಳು ಖಾಲಿಯಿದ್ದರೂ ನಿಂತೇ ಇದ್ದ.