ಹಿಡಿಹಿಟ್ಟಿನ ಡಬ್ಬಿ

ನಾನು ಒಂದು ತಗಡಿನ ಡಬ್ಬಿ. ಹುಟ್ಟಿದಾಗ ನನ್ನ ಹೊಟ್ಟೆಯಲ್ಲಿ ಬಿಸ್ಕತ್ತಿತ್ತು, ಮೈಮೇಲೆ ಹಸಿರು ಗಿಳಿಯ ಚಿತ್ರವಿತ್ತು. ಬೀದರಿನ ಅಂಗಡಿಯೊಂದರಲ್ಲಿ ಬಿಸ್ಕತ್ತು ಮುಗಿದು ಮೂಲೆಗೆ ಬಿದ್ದಿದ್ದೆ. ಆಗಷ್ಟೇ ಮದುವೆಯಾಗಿದ್ದ ದೀನಮ್ಮ ನನ್ನನ್ನು ಎತ್ತಿ, ಮುಚ್ಚಳ ತೆಗೆದು, ಮೂಗಿಟ್ಟು ನೋಡಿದಳು.

“ಒಯ್ಯಿ ತಂಗಿ, ಎದಕ್ ಬೇಕಿತ್ತು?” ಎಂದ ಅಂಗಡಿಯವನು.

“ದೇವ್ರಿಗೆ.”

ಅವನು ನಕ್ಕ. ನನಗೂ ನಗು ಬಂತು. ದೇವರು ಬಿಸ್ಕತ್ತು ತಿನ್ನುತ್ತಾನೆಯೇ?

ಕೆಂಪುಕಲ್ಲಿನ ಗಣಿಯ ಪಕ್ಕದ ಅವಳ ಊರು ಸೇರಿದ ಮೇಲೆ ನನಗೆ ವಿಷಯ ತಿಳಿಯಿತು. ಅಲ್ಲಿನ ಚರ್ಚಿನವರಲ್ಲಿ ಒಂದು ಪದ್ಧತಿ. ರೊಟ್ಟಿಗೆ ಹಿಟ್ಟು ನಾದುವ ಮೊದಲು ಒಂದು ಹಿಡಿ ಹಿಟ್ಟನ್ನು ದೇವರಿಗೆಂದು ತೆಗೆದಿಡಬೇಕು. ಭಾನುವಾರ ಎಲ್ಲ ಮನೆಯ ಡಬ್ಬಿಗಳೂ ಚರ್ಚಿನೊಳಗಿನ ಕಟ್ಟೆಯ ಮೇಲೆ ಸಾಲಾಗಿ ಕೂರುತ್ತವೆ. ಎಲ್ಲ ಹಿಟ್ಟೂ ಒಂದೇ ರಾಶಿ. ಅದು ಆ ವಾರ ಯಾರ ಒಲೆ ಆರಿದೆಯೋ ಆ ಮನೆಗೆ ಹೋಗುತ್ತದೆ. ಆ ಸಾಲಿನಲ್ಲಿ ಗಿಳಿ ಇದ್ದದ್ದು ನನ್ನ ಮೈಮೇಲೆ ಮಾತ್ರ. ನನಗೆ ಸೊಕ್ಕಿತ್ತು.

ಮಗಳು ರೂತಮ್ಮ ಮಾತು ಕಲಿಯುವ ಹೊತ್ತಿಗೆ ಗಣಿಯಲ್ಲಿ ಕಲ್ಲು ಜಾರಿ ದೀನಮ್ಮನ ಗಂಡ ಸಂಜೀವಪ್ಪನ ಎರಡೂ ಕಾಲು ಜಜ್ಜಿಹೋದವು. ಗಣಿಯ ಯಜಮಾನ ಒಂದು ಸಲ ಬಾಳೆಹಣ್ಣು ಹಿಡಿದು ಬಂದ, ಆಮೇಲೆ ಆ ದಾರಿಯನ್ನೇ ಮರೆತ. ದೀನಮ್ಮ ಮಣ್ಣು ಹೊತ್ತಳು, ಕಂಡವರ ಬಟ್ಟೆ ಒಗೆದಳು. ಹಿಟ್ಟಿನ ಗಡಿಗೆಯ ತಳವನ್ನು ಬಟ್ಟಲು ಕೆರೆಯುವ ಸದ್ದು ನನಗೆ ಗೋಡೆಯ ಗೂಡಿನವರೆಗೂ ಕೇಳುತ್ತಿತ್ತು. ಆದರೂ ನನ್ನ ಹಿಡಿ ತಪ್ಪಲಿಲ್ಲ. ಅವಳ ಕೈ ಬಡವಾಗಿತ್ತು, ಹಿಡಿಯೂ ಚಿಕ್ಕದಾಗಿತ್ತು. ಮುಷ್ಟಿ ಮಾತ್ರ ಯಾವತ್ತೂ ತುಂಬಿರುತ್ತಿತ್ತು.

“ಇನ್ನಾ ಹಾಕ್ಲತಿ ಏನ್ ಅದಕ್ಕ? ಆ ದೇವ್ರು ನನ್ನ ಕಾಲ್ ನೋಡ್ಯಾನೇನು?” ಎಂದು ಸಂಜೀವಪ್ಪ ಹಗ್ಗದ ಹೊರಸಿನ ಮೇಲೆ ಮಲಗಿದಲ್ಲಿಂದ ಕೂಗುತ್ತಿದ್ದ.

“ಕಲ್ಲು ಬಿದ್ದದ್ದು ನಿಮ್ಮ ಕಾಲ್ ಮ್ಯಾಲ. ನನ್ನ ಕೈ ಇನ್ನಾ ಛಲೋ ಅದ,” ಎನ್ನುತ್ತಿದ್ದಳು ಅವಳು.

ಒಂದು ಶನಿವಾರ ಸಂಜೆ ಗಡಿಗೆ ಪೂರಾ ಬರಿದಾಯಿತು. ರೂತಮ್ಮ ನನ್ನತ್ತ ಬೆರಳು ತೋರಿಸಿದಳು. “ಅವ್ವಾ, ಗಿಳಿ ಡಬ್ಬ್ಯಾಗ ಹಿಟ್ಟ್ ಅದ.”

ದೀನಮ್ಮ ನನ್ನನ್ನು ಇಳಿಸಿ ಮುಚ್ಚಳ ತೆಗೆದಳು. ಪ್ರಾರ್ಥನೆಗೆ ಕಣ್ಣು ಮುಚ್ಚುವವಳು ಅಂದು ಕಣ್ಣು ಬಿಟ್ಟುಕೊಂಡೇ ಸೂರಿನ ಕಡೆ ನೋಡಿದಳು.

“ಯಪ್ಪಾ, ಇದು ನಿಂದು. ನಿನ್ನ ಕೂಸಿಗೇ ಉಣಿಸ್ಲತೀನಿ. ತಪ್ಪಂದ್ರ ಈಗೇ ಹೇಳು, ಇಲ್ಲಂದ್ರ ಸುಮ್ಮ ಕೂಡು. ಕೈ ಮಾತ್ರ ಬಿಡಬ್ಯಾಡ. ನೀ ಬಿಟ್ರೂ ನಾ ಬಿಡಂಗಿಲ್ಲ.”

ನನ್ನನ್ನು ಹಿಟ್ಟು ನಾದುವ ಪರಾತದ ಮೇಲೆ ಬೋರಲು ಹಾಕಿ ತಳ ತಟ್ಟಿದಳು. ಇದ್ದದ್ದೆಲ್ಲ ಸುರಿಯಿತು. ನೀರು ಹಾಕಬೇಕು, ಅಷ್ಟರಲ್ಲಿ ಅವಳ ಕೈ ತಾನೇ ಹೋಗಿ ಅದೇ ಹಿಟ್ಟಿನಿಂದ ಒಂದು ಹಿಡಿ ತೆಗೆದು ನನ್ನೊಳಗೆ ಹಾಕಿಬಿಟ್ಟಿತು.

“ಏ ಹುಚ್ಚಿ! ದೇವ್ರ ಹಿಟ್ಟಿನಾಗೂ ದೇವ್ರ ಪಾಲಾ?” ಎಂದ ಸಂಜೀವಪ್ಪ. ಎಂದವನೇ ನಕ್ಕುಬಿಟ್ಟ. ಕಲ್ಲು ಬಿದ್ದ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಅಂದೇ. ಏನೂ ತಿಳಿಯದ ರೂತಮ್ಮನೂ ನಕ್ಕಳು. ಆ ಸಂಜೆ ಎಲ್ಲರೂ ಬಿಸಿ ರೊಟ್ಟಿ ತಿಂದರು.

ಮರುದಿನ ಆ ಒಂದೇ ಹಿಡಿ ಇಟ್ಟುಕೊಂಡು ಸಾಲಿನಲ್ಲಿ ಕೂರಲು ನನಗೆ ನಾಚಿಕೆ. ಸಭೆಯ ಹಿರಿಯ ಪ್ರಭುದಾಸಪ್ಪ ನನ್ನನ್ನು ಎತ್ತಿ ಅಲ್ಲಾಡಿಸಿದ. ಮನುಷ್ಯ ಒಳ್ಳೆಯವನೇ. ಮರುಕದಿಂದಲೇ ನನ್ನನ್ನು ಸಾಲಿನಿಂದ ತೆಗೆದು ಬೆಂಚಿನ ಕೆಳಗೆ ಸರಿಸಿದ.

“ಈ ವಾರ ಹಿಟ್ಟು ನಿಮ್ಮನೀಗೇ ದೀನಮ್ಮಾ. ಇಸ್ಕೊಳ್ಳೋ ಮನಿ ಕೊಡೋದ್ ಬ್ಯಾಡ. ಇನ್ಮ್ಯಾಗ ನಿನ್ನ ಡಬ್ಬಿ ಮನ್ಯಾಗೇ ಇರ್ಲಿ.”

ಚರ್ಚಿನಲ್ಲಿ ಎಂದೂ ದನಿ ಏರಿಸದ ದೀನಮ್ಮ ಎದ್ದು ನಿಂತಳು. “ಹಿಟ್ಟು ಕೊಡ್ರಿ ಅಣ್ಣಾ, ಇಸ್ಕೋತೀನಿ, ನಾಚ್ಕಿ ಇಲ್ಲ. ಡಬ್ಬಿ ಮಾತ್ರ ತೆಗೀಬ್ಯಾಡ್ರಿ.”

“ನಾವು ಕೊಟ್ಟ ಹಿಟ್ಟೇ ನಮಗ ತಂದು ಹಾಕ್ತಿ. ಅದೆಂಥ ಕಾಣ್ಕಿ?”

“ಮತ್ತ ನೀವ್ ಹಾಕೋ ಹಿಟ್ಟು ಯಾರದ್ರಿ? ಜ್ವಾಳದ ಕಾಳು ನೀವ್ ಕುಂತು ಮಾಡೀರೇನು?”

ಹಿಂದಿನ ಸಾಲಿನಿಂದ ಮುದುಕಿ ಮರ್ಥಮ್ಮ ಬೊಚ್ಚುಬಾಯಲ್ಲಿ ಕೂಗಿದಳು. “ಪ್ರಭುದಾಸಾ, ಇವತ್ತಿನ ಉಪದೇಶ ಆಯ್ತು! ಪಾಸ್ಟರಿಗೆ ಮನೀಗ್ ಹೋಗ್ರಿ ಅನ್ನು!”

ಎಲ್ಲರೂ ನಕ್ಕರು. ದೀನಮ್ಮ ನಗಲಿಲ್ಲ. “ನನ್ನ ಹಸಿವಿ ಊರಿಗೆಲ್ಲ ಕಾಣ್ತದ. ನನ್ನ ದೇವ್ರು ನನ್ನ ಸಾಕ್ಲತಾನಂತ ಹ್ಯಾಂಗ್ ಕಾಣ್ಬೇಕು, ಆ ಡಬ್ಬಿ ಅಲ್ಲಿ ಇಲ್ಲಂದ್ರ?”

ಪ್ರಭುದಾಸಪ್ಪ ಬಗ್ಗಿ ನನ್ನನ್ನು ಎತ್ತಿ, ಧೂಳು ಒರೆಸಿ, ಸಾಲಿನಲ್ಲಿ ಇಟ್ಟ. ನನ್ನ ಹಿಡಿ ರಾಶಿಗೆ ಬಿತ್ತು. ಬಿದ್ದ ಮೇಲೆ ನನ್ನದು ಯಾವುದು, ಉಳಿದವರದು ಯಾವುದು, ನನಗೇ ಗುರುತು ಸಿಗಲಿಲ್ಲ.

ಪವಾಡವೇನೂ ಆಗಲಿಲ್ಲ. ಸಂಜೀವಪ್ಪನ ಕಾಲು ಬರಲಿಲ್ಲ, ಯಜಮಾನನೂ ಬರಲಿಲ್ಲ. ಒಂದು ವಾರ ಚರ್ಚಿನ ಹಿಟ್ಟು, ಒಂದು ವಾರ ಕೂಲಿಯ ಹಿಟ್ಟು, ಹಾಗೇ ಒಲೆ ಉರಿಯಿತು. ಸಂಜೀವಪ್ಪ ಕೂತಲ್ಲೇ ಹೊರಸು ಹೆಣೆಯಲು ಕಲಿತ. ಒಂದು ಬೆಳಿಗ್ಗೆ ದೀನಮ್ಮ ಹಿಡಿ ಹಾಕದೆ ಅವಸರದಲ್ಲಿ ಕೆಲಸಕ್ಕೆ ಓಡಿದಳು. ಅವನು ತೆವಳಿಕೊಂಡು ಬಂದು ಕೋಲಿನಿಂದ ನನ್ನನ್ನು ಗೂಡಿನಿಂದ ಎಳೆದ. ನಾನು ದಬಕ್ಕನೆ ಬಿದ್ದೆ, ಗಿಳಿಯ ಕೊಕ್ಕು ನೆಗ್ಗಿಹೋಯಿತು. ಬೈದುಕೊಳ್ಳುತ್ತಲೇ ಅವನು ಒಂದು ಹಿಡಿ ಹಾಕಿದ. ಅಬ್ಬಾ, ಕಲ್ಲು ಒಡೆದ ಕೈಯ ಹಿಡಿ!

ಈಗ ಅವರಿಬ್ಬರೂ ಇಲ್ಲ. ನಾನು ರೂತಮ್ಮನ ಮನೆಯಲ್ಲಿದ್ದೇನೆ. ಗಿಳಿ ಮಾಸಿದೆ, ತಳವನ್ನು ತುಕ್ಕು ತಿಂದಿದೆ. ಮೊನ್ನೆ ಗುಜರಿಯವನು ನನ್ನ ತಳದ ತೂತಿನಲ್ಲಿ ಬೆರಳು ತೂರಿಸಿ ಕೇಳಿದ, “ಇದರಾಗ ಏನ್ ನಿಲ್ತದ ಅಕ್ಕಾ?”

“ನಿಲ್ಲೋದು ನಿಲ್ತದ, ನಿನ್ನ ಬಟ್ಟು ತೆಗಿ,” ಎಂದು ರೂತಮ್ಮ ನನ್ನನ್ನು ಕಸಿದುಕೊಂಡಳು. ಹಳೇ ಸೀರೆಯ ತುಂಡೊಂದನ್ನು ಮಡಚಿ ತಳಕ್ಕೆ ಹಾಸಿದಳು. ಆಮೇಲೆ ಎಂದಿನಂತೆ ಒಂದು ಹಿಡಿ ಹಾಕಿದಳು.

ಸೋರುತ್ತೇನೆ, ನಿಜ. ಚರ್ಚಿನ ದಾರಿಯುದ್ದಕ್ಕೂ ಚೂರು ಹಿಟ್ಟು ಉದುರುತ್ತದೆ, ಇರುವೆಗಳು ಉಣ್ಣುತ್ತವೆ. ಅವುಗಳನ್ನು ಸಾಕುವವನೂ ಆ ದೇವರೇ ತಾನೆ? ಆದರೆ ಭಾನುವಾರ ಸಾಲಿನಲ್ಲಿ ನಾನಿರುತ್ತೇನೆ. ತೆಗೆಯುವವರು ಬರಲಿ, ನೋಡೋಣ.