ಮಂಗಳೂರಿನ ಒಂದು ತಾಸು ಬಿಸಿಲು

ಒಂಬತ್ತು ದಿನ ಸುರಿದ ಮೃಗಶಿರಾ ಮಳೆ ಅಂದು ಬೆಳಿಗ್ಗೆ ನಿಂತಿತ್ತು. ಮಂಗಳೂರಿನಲ್ಲಿ ನಾವು ಕೂಲಿಗಿದ್ದ ಇಪ್ಪತ್ತೆರಡು ಅಂತಸ್ತಿನ ಕಟ್ಟಡದ ತಾರಸಿಯಲ್ಲಿ ನಿಂತ ನೀರನ್ನು ನಾನು ಬಳಿದು ಹಾಕುತ್ತಿದ್ದೆ. ಹೆಂಡತಿ ಗದ್ದೆಮ್ಮ ಒಣಗಿದ ಕಡೆ ಸೀರೆ ಹಾಸಿ ರೊಟ್ಟಿ ಹರವುತ್ತಿದ್ದಳು.

ತಪ್ಪು ನನ್ನದೇ. ನಮ್ಮ ದೇವದುರ್ಗದಲ್ಲಿ ಖಡಕ್ ಜೋಳದ ರೊಟ್ಟಿ ಮೂರು ತಿಂಗಳಿಟ್ಟರೂ ಹಪ್ಪಳದಂತೆ ಮುರಿಯುತ್ತದೆ. "ಸಮುದ್ರದ ಗಾಳಿಗಿ ಇನ್ನೂ ಛಲೋ ಒಣಗ್ತಾವ" ಎಂದು ಬುದ್ಧಿವಂತನಂತೆ ಹೇಳಿ ಎರಡು ಗೋಣಿ ಹೊತ್ತು ತಂದಿದ್ದೆ. ಇಲ್ಲಿನ ಗಾಳಿ ಒದ್ದೆ ಅಂಗಿಯಂತೆ ಮೈಗಂಟುತ್ತದೆ. ನಾಲ್ಕೇ ದಿನಕ್ಕೆ ರೊಟ್ಟಿ ಮೆತ್ತಗಾಗಿ ಅಂಚಿಗೆ ಹಸಿರು ಬೂಷ್ಟು ಬಂತು. ಅಂದು ಬಿಸಿಲು ಸಿಗದಿದ್ದರೆ ತಿಂಗಳ ಊಟ ತಿಪ್ಪೆಗೆ.

ಮೇಲಿಂದ ಊರು ಚಂದ. ಎದುರಿಗೆ ಬೂದಿ ಬಣ್ಣದ ಸಮುದ್ರ, ಎಡಕ್ಕೆ ನೇತ್ರಾವತಿ, ಬಲಕ್ಕೆ ಗುರುಪುರ ಹೊಳೆ, ಎರಡೂ ಕೂಡುವಲ್ಲಿ ಮಳೆಗಾಲವೆಂದು ಕಟ್ಟಿಹಾಕಿದ ಮೀನಿನ ದೋಣಿಗಳು. ತೆಂಗಿನ ನಡುವೆ ಕೆಂಪು ಹೆಂಚು, ಚರ್ಚು, ಮಸೀದಿ, ಗುಡಿ. ಫೋನಿನಲ್ಲಿ ಊರಿನವರಿಗೆ ಇದನ್ನೆಲ್ಲ ನಾನೇ ಕಟ್ಟಿಸಿದವನಂತೆ ವರ್ಣಿಸುತ್ತೇನೆ. ಕೆಳಗಿಳಿದರೆ ನಮ್ಮ ತಗಡಿನ ಶೆಡ್ಡಿನ ದಾರಿಯೊಂದೇ ಗೊತ್ತು.

"ಎಂತ ಮಾರಾಯ ಹನುಮೇಶ ಇದು? ಬೆರಣಿಯಾ?"

ಲಿಫ್ಟಿನಿಂದ ಬಂದ ಸೂಪರ್‌ವೈಸರ್ ಬೂಟಿನ ತುದಿಯಿಂದ ಒಂದು ರೊಟ್ಟಿ ತಿರುವಿದ. ಅವನ ಹಿಂದೆ ಬಂದವರು ಬಿಳಿ ಬಟ್ಟೆ ಹೊದಿಸಿದ ಇಪ್ಪತ್ತು ಕುರ್ಚಿ ಸಾಲಾಗಿಟ್ಟು ಹೋದರು. ಫ್ಲಾಟು ಕೊಳ್ಳುವವರು ಸಮುದ್ರ ನೋಡಲು ಬರುವವರಿದ್ದರು.

"ರೊಟ್ಟಿ ರೀ, ಸಾಹೇಬ್ರ."

"ನಾಯಿ ಸಹ ಮೂಸುದಿಲ್ಲ. ಈ ಘಟ್ಟದವರು ಬಂದಲ್ಲೆಲ್ಲ ಗಲೀಜು. ತೆಗಿ, ಬಿಸಾಡು. ಹತ್ತು ನಿಮಿಷ ಉಂಟು."

"ಹೌದ್ರಿ" ಎಂದೆ. ನನ್ನ ಬಾಯಿಗೆ ಬೇಗ ಬರುವುದು ಅದೊಂದೇ ಮಾತು. ಬಗ್ಗಿ ರೊಟ್ಟಿ ಎತ್ತತೊಡಗಿದೆ.

"ಒಂದ್ ತಾಸು ಬಿಡ್ರಿ," ಎಂದಳು ಗದ್ದೆಮ್ಮ. "ಮಾನ್ವಿಯಾಗ ನಮ್ಮವ್ವ ಮೂರು ದಿನ ಒಲಿ ಮುಂದ ಕುಂತು ಬಡದಾಳ್ರಿ."

"ಬಿಸಿಲು ಬಂದದ್ದು ನಿನ್ನ ರೊಟ್ಟಿಗಲ್ಲ. ಪಾರ್ಟಿಯವರಿಗೆ ವ್ಯೂ ತೋರಿಸ್ಲಿಕ್ಕೆ."

"ಬಿಸಿಲನೂ ನಿಮ್ ಮಾಲಕರು ತಮ್ ಹೆಸರಿಗಿ ಮಾಡಿಸ್ಕೊಂಡಾರೇನ್ರಿ?"

ಅವನು ಹಾಸಿದ್ದ ಸೀರೆಯ ಅಂಚು ಹಿಡಿದು ಎಳೆದ. ಅರ್ಧಕ್ಕರ್ಧ ರೊಟ್ಟಿ ನೀರಿಗೆ ಬಿದ್ದವು.

"ಸೂಳೆಮಕ್ಕಳು! ಹೇಳಿದ್ದು ತಲೆಗೆ ಹೋಗುದಿಲ್ಲ," ಎನ್ನುತ್ತ ಅತಿಥಿಗಳನ್ನು ಕರೆತರಲು ಇಳಿದುಹೋದ.

ಗದ್ದೆಮ್ಮ ಅಳಲಿಲ್ಲ. ನನ್ನ ತೋಳಿನಲ್ಲಿದ್ದ ಒಟ್ಟಿಲು ನೋಡಿದಳು.

"ಭಾಡ್ಯಾ, ಅಂವ ಅಂದ್ನಂತ ನೀನೂ ಎತ್ತಾಕತ್ತೀ?"

ಹೌದು, ಎತ್ತುತ್ತಿದ್ದೆ. ಅದೂ ಅಚ್ಚುಕಟ್ಟಾಗಿ, ದೊಡ್ಡವು ಕೆಳಗೆ, ಸಣ್ಣವು ಮೇಲೆ. ಅಷ್ಟು ನಿಯತ್ತಿನ ಮನುಷ್ಯ ನಾನು.

ಸೀರೆಯೂ ನೀರಲ್ಲಿ ತೊಯ್ದಿತ್ತು. ತಾರಸಿಯಲ್ಲಿ ಈಗ ಹರವಲು ಒಣಗಿದ್ದೆಂದರೆ ಕುರ್ಚಿಗಳು ಮಾತ್ರ. ಮೊದಲನೆಯದರ ಮೇಲೆ ಒಂದು ರೊಟ್ಟಿ ಇಟ್ಟೆ. ಲಿಫ್ಟಿನ ಕಡೆ ನೋಡಿದೆ. ಎರಡನೆಯದರ ಮೇಲೆ ಎರಡು ಇಟ್ಟೆ. ಗದ್ದೆಮ್ಮ ಆಚೆ ಸಾಲಿನಿಂದ ಇಡುತ್ತ ಬಂದಳು, ಕೂಡುವಲ್ಲಿ, ಒರಗುವಲ್ಲಿ, ನೀರಿಗೆ ಬಿದ್ದವನ್ನೂ ಜಾಡಿಸಿ.

ಲಿಫ್ಟಿನ ಬಾಗಿಲು ತೆರೆಯಿತು. ಕಪ್ಪು ಕನ್ನಡಕದವರು ಹತ್ತು ಹದಿನೈದು ಜನ ಹೊರಬಂದು, ಸಮುದ್ರದ ಕಡೆಗೊಮ್ಮೆ ನೋಡಿ, ಕೂಡಲು ತಿರುಗಿದರು.

ಒಂದೂ ಕುರ್ಚಿ ಖಾಲಿ ಇರಲಿಲ್ಲ.