ಅಲ್ಲಪ್ಪನ ಚಂಡಮಾರುತ

ನೆಲಕ್ಕೊರಗಿದ ಕಬ್ಬನ್ನು ಬಿಡಿಸಿ ಬಿಡಿಸಿ ಕಡಿಯುತ್ತಿದ್ದ ಗ್ಯಾಂಗಿನವರು ಟ್ರಾಲಿ ತುಂಬುವವರೆಗೆ ತುಕ್ಕಾನಟ್ಟಿಯ ದಾರಿ ಬಿಡುವಂತಿರಲಿಲ್ಲ. ಧರಣೇಂದ್ರ ಸ್ಕೂಟರ್ ಬಂದ್ ಮಾಡಿದ. ಕಾರ್ತಿಕದ ಬಿಸಿಲು ಇನ್ನೂ ಎಳೆಯದಿತ್ತು. ಸಭೆಯಲ್ಲಿ ಕೇಳಬೇಕೆಂದಿದ್ದ ಪ್ರಶ್ನೆಯನ್ನು ಮತ್ತೊಮ್ಮೆ ಮನಸ್ಸಿನಲ್ಲೇ ಹೇಳಿಕೊಂಡ. ಒಂದೇ ಪ್ರಶ್ನೆ. ಅಲ್ಲಪ್ಪ ಅದರ ಮುಂದೆ ನಿಲ್ಲಲಾರ.

"ಲಗೂ ಹೋಗೂಣ್ರಿ, ಅಲ್ಲಪ್ಪ ಸರ್ ಭಾಷಣ ಶುರು ಮಾಡಿರ್ತಾರ," ಎಂದಳು ಹಿಂದೆ ಕೂತಿದ್ದ ಹೆಂಡತಿ ಸುನಂದಾ.

ಸರ್. ಹೋದ ವರ್ಷದವರೆಗೂ ಅವಳ ಬಾಯಲ್ಲಿ ಅವನು ಬರೇ ಅಲ್ಲಪ್ಪ. ಗೋಕಾಕದ ಕಾಲೇಜಿನಲ್ಲಿ ಧರಣೇಂದ್ರನ ಬಳಿ ಭೂಗೋಳ ಕಲಿತವನು, ಇವರ ಮನೆಯಲ್ಲಿ ಉಂಡು ಪರೀಕ್ಷೆಗೆ ಓದಿದವನು. ಈಗ ಅದೇ ಕಾಲೇಜಿನಲ್ಲಿ ಇವನದೇ ಬಾಜೂ ಕುರ್ಚಿಯ ಉಪನ್ಯಾಸಕ. ಆಗಸ್ಟಿನಲ್ಲಿ ಚಂಡಮಾರುತಕ್ಕೆ ಅಮೆರಿಕದ ಊರೊಂದು ಮುಳುಗಿದ ಮೇಲೆ, ಭೂಮಿ ಬಿಸಿಯಾಗುತ್ತಿರುವುದೇ ಅದಕ್ಕೆ ಕಾರಣವೆಂದು ಪೇಪರಿಗೆ ಬರೆದ. ಅಂದಿನಿಂದ ಭಾಷಣಕ್ಕೆ ಊರೂರಿನಿಂದ ಕರೆ.

ಸೊಸೈಟಿಯ ಸಭಾಗೃಹ ತುಂಬಿತ್ತು. ಸುನಂದಾ ಹೆಂಗಸರ ಕಡೆ ಹೋದಳು. ಅಕ್ಟೋಬರಿನ ಗಾಳಿಗೆ ಕಬ್ಬು ಮಲಗಿಸಿಕೊಂಡಿದ್ದ ದುಂಡಪ್ಪ ಸರಿದು ಜಾಗ ಕೊಟ್ಟ.

"ನಿಮ್ಮ ಶಿಷ್ಯಾಂದು ಭಾಳ ಹವಾ ಐತಿ ಬಿಡ್ರಿ ಮಾಸ್ತರ. ಗಾಳಿ ಬಗ್ಗೆ ಮಾತಾಡಿ ಮಾತಾಡಿ ಹವಾ ಮಾಡ್ಯಾನ."

ಸುತ್ತಲಿನವರು ನಕ್ಕರು. ಧರಣೇಂದ್ರನೂ ನಕ್ಕ.

ಅಲ್ಲಪ್ಪ ಹೆಗಲ ಮೇಲೆ ಆಗಷ್ಟೇ ಹೊದಿಸಿದ್ದ ಶಾಲಿನಲ್ಲೇ ಮಾತಾಡುತ್ತಿದ್ದ. ಸಮುದ್ರವೆಂದರೆ ಬೆಲ್ಲದ ಗಾಣದ ಕೊಪ್ಪರಿಗೆ. ಉರಿ ಹೆಚ್ಚಾದರೆ ಕಬ್ಬಿನ ಹಾಲು ಉಕ್ಕುತ್ತದೆ. ಅಮೆರಿಕದ ಗಾಳಿಗೂ ತುಕ್ಕಾನಟ್ಟಿಯ ಗಾಳಿಗೂ ಉರಿ ಒಂದೇ. ಆಮೇಲೆ ಏನೋ ಚೇಷ್ಟೆಯ ಮಾತಾಡಿದ. ಹೆಂಗಸರ ಕಡೆಯ ನಗುವಿನಲ್ಲಿ ಸುನಂದಾಳದು ಬೇರೆಯಾಗಿ ಕೇಳಿಸಿತು. ಆ ನಗು ಮನೆಯಲ್ಲಿ ಎಷ್ಟೋ ವರ್ಷದಿಂದ ಇರಲಿಲ್ಲ.

ಧರಣೇಂದ್ರ ಎದ್ದು ನಿಂತ. ಉಪಗ್ರಹಗಳು ಬರುವ ಮೊದಲು ನಡುಗಡಲಿನಲ್ಲಿ ಎದ್ದು ಅಲ್ಲೇ ಅಡಗಿದ ಚಂಡಮಾರುತಗಳನ್ನು ನೋಡಿದವರಿಲ್ಲ ಎಂದ. ನ್ಯಾಯದ ಮಾತೇ. ಬೇರೆ ಯಾರಾದರೂ ಭಾಷಣಕಾರನಾಗಿದ್ದರೆ ಇದನ್ನು ಹೇಳಲು ತಾನು ಇಷ್ಟು ದೂರ ಬರುತ್ತಿದ್ದೆನೇ ಎಂಬ ಯೋಚನೆ ಸುಳಿಯಿತು. ಅದನ್ನು ಅಲ್ಲಿಗೇ ಬಿಟ್ಟ.

"ಯಾರೂ ಇರದ ಗಾಣದಾಗ ಹಾಲು ಎಷ್ಟು ಸಲ ಉಕ್ಕಿತ್ತು, ಎಣಿಸಿದವ್ರು ಯಾರ? ಮತ್ತ ಈಗ ಹೆಚ್ಚಾಗೈತಿ ಅಂತ ನೀವು ಹೆಂಗ ಹೇಳ್ತೀರಿ?"

'ನೀ' ಎನ್ನಬೇಕೆಂದಿದ್ದ. 'ನೀವು' ಬಂತು.

ಅಲ್ಲಪ್ಪನ ಮುಖ ಇಳಿಯುವುದನ್ನು ಧರಣೇಂದ್ರ ಕಾದ.

"ಖರೇನ ಕೇಳಿದ್ರಿ ಸರ್," ಎಂದ ಅಲ್ಲಪ್ಪ. "ಹೆಚ್ಚಾಗ್ಯಾವೋ ಇಲ್ಲೋ, ಇನ್ನೂ ಯಾರಿಗೂ ಪೂರಾ ಗೊತ್ತಿಲ್ಲ. ನನಗೂ ಗೊತ್ತಿಲ್ಲ."

ಜನರ ಕಡೆ ತಿರುಗಿ, ಹೀಗೆ ಸಂಶಯಪಡುವುದನ್ನು ತನಗೆ ಕಲಿಸಿದವರು ಇವರೇ ಎಂದ. ಇವರ ಮನೆಯ ರೊಟ್ಟಿ ತಿಂದು ಓದಿದೆ, ಅದನ್ನು ನಾನು ಒಂದು ದಿನವೂ ನಾಲ್ಕು ಜನರ ಎದುರು ಹೇಳಲಿಲ್ಲ ಎಂದ. ಭಾಷಣಕ್ಕೆ ಬೀಳದಷ್ಟು ಚಪ್ಪಾಳೆ ಬಿತ್ತು. ಅಲ್ಲಪ್ಪ ಕೆಳಗಿಳಿದು ಬಂದು, ತನ್ನ ಮೈಮೇಲಿನ ಶಾಲು ತೆಗೆದು ಧರಣೇಂದ್ರನಿಗೆ ಹೊದಿಸಿ, ಕಾಲು ಮುಟ್ಟಿದ.

ಅಲ್ಲಪ್ಪ ತನಗೆ ಋಣಿ ಎಂಬುದೊಂದೇ ಧರಣೇಂದ್ರನ ಬಳಿ ಉಳಿದಿತ್ತು. ಅದೂ ಈಗ ತೀರಿತು.

ಶಾಲು ಬೆಚ್ಚಗಿತ್ತು. ಇನ್ನೊಬ್ಬನ ಮೈಯ ಕಾವು. ಸುನಂದಾ ಎದ್ದು ಬಂದು, ಜಾರುತ್ತಿದ್ದ ಅಂಚನ್ನು ಅವನ ಭುಜದ ಮೇಲೆ ಸರಿಮಾಡಿದಳು. ಅವಳ ಕಣ್ಣು ಅಲ್ಲಪ್ಪನ ಕಡೆಗಿತ್ತು. ಫೋಟೋದವನು ಅಲುಗಬೇಡಿರಿ ಎಂದ. ಕುತ್ತಿಗೆಯಿಂದ ಬೆವರು ಇಳಿದು ಅಂಗಿಯೊಳಗೆ ಹೋಗುತ್ತಿತ್ತು.

ಧರಣೇಂದ್ರ ಅಲುಗದೆ ನಿಂತ.